ಗುಳ್ಳಿ

ಟ್ಯೂಬಿಗೆ ಗಾಳಿ ತುಂಬಿ, ಟಬ್ಬಿನ ನೀರಾಗ ಮುಳುಗಿಸಿ
ಸುತ್ತ ತಿರುವಿಕೊಂತ ಕಾಯೂದು ನನ್ನ ಕಸುಬು.
ಎಲ್ಲಿ ಗುಳ್ಳಿ ಏಳ್ತೈತೊ ಅಲ್ಲಿ ಗಾಯ.
ಹತ್ತೊಂಬತ್ತು ವರ್ಷದಾಗ ಗುಳ್ಳಿ ಒಮ್ಮೆಯೂ ಸುಳ್ಳು ಹೇಳಿಲ್ಲ,
ಗಿರಾಕಿ ಹೇಳ್ಯಾರ.

ಹಡಪ್ಸರ್ ಗಾಡಿತಳ ದಾಟಿ, ಸಾಸವಡ ರಸ್ತೆಯ ಎಡಕ್ಕ
ಒಂದು ಮಳಿಮರ. ಅದರ ಕೆಳಗ ಕಂಪ್ರೆಸರು, ಕಬ್ಬಿಣದ ಪೆಟ್ಟಿಗಿ, ನಾನು.
ಬೋರ್ಡಿಲ್ಲ. ಮಾಳಿಂಗನ ಮರ ಅಂದ್ರ ಆಟೋದವರಿಗೆ ತಿಳೀತೈತಿ.
ಹೆಸರು ನಂದು. ಬಾಡಿಗಿ ಮಾತ್ರ ಒಂದು ದಿನಾನೂ ಕೊಟ್ಟಿಲ್ಲ.

ಈ ಸಲ ಜೂನ್ ಹದಿನೆಂಟಾದರೂ ಆಕಾಶ ಬೋಳು.
ಖಡಕ್‌ವಾಸ್ಲಾದ ತಳ ಕಂಡೈತಿ ಅಂತ ಗಿರಾಕಿ ಸುದ್ದಿ,
ನಮ್ಮ ಗಲ್ಲಿಗೆ ಟ್ಯಾಂಕರು ಮೂರು ದಿನಕ್ಕೊಮ್ಮೆ.
ಮರ ಎಲಿ ಉದುರಿಸಾಕ ಹತ್ತಿತು.
ಮೊದಲ ಕೇಬಲ್ ತಗಿಸಿ, ಆಮ್ಯಾಲೆ ಹಾಲು
ಅರ್ಧ ಲೀಟರಿಗೆ ಇಳಿಸೂ ಮನಿಯವರ ಹಂಗ
ಒಂದು ಟೊಂಗಿ, ಇನ್ನೊಂದು ಟೊಂಗಿ, ಲೆಕ್ಕ ಹಾಕಿ.
"ಸತ್ತಿತು," ಅಂದಳು ಕಲ್ಲಂಗಡಿ ಮಾರೂ ವಿಠಾಬಾಯಿ.

ಆ ವಾರ ಬಂದಾಕಿ ಮೃದುಲಾ ಶೆಂಡೆ, ಕಾಲೇಜಿನಾಕಿ.
ಶೆಂಡಾ ಅಂದ್ರ ಮರಾಠಿಯೊಳಗ ಗಿಡದ ತುದಿ;
ಆಕಿ ಬಂದು ಬುಡದಾಗ ಕುಂತಳು.
ಕೈಯಾನ ಗನ್ನು ಡಾಂಬರಿಗೆ ಗುರಿಯಿಟ್ಟಳು: ಐವತ್ತೆಂಟು.
ಉಳಿದಷ್ಟು ನೆರಳಿಗೆ: ಮೂವತ್ತೊಂಬತ್ತು.
ನನ್ನ ಹಣಿಗೂ ಹಿಡದು ನಕ್ಕಳು, ನಂಬರ್ ಹೇಳಲಿಲ್ಲ.

ಆಮ್ಯಾಲೆ ತೊಗಟಿಗೆ ಒಂದು ಗುಂಡಿಯಂಥದ್ದು ಅಂಟಿಸಿ
ವೈರಿನ ತುದಿ ನನ್ನ ಕಿವಿಯಾಗ ಇಟ್ಟಳು.
ಟಿಕ್.
ಭಾಳ ಹೊತ್ತು ಏನಿಲ್ಲ.
ಟಿಕ್. ಟಿಕ್.
"ಹುಳಾ ಏನವಾ?"
"ಅಲ್ಲ ಕಾಕಾ. ಬೇರಿನಿಂದ ತುದಿತನಕ ನೀರಿನ ಎಳಿ ಇರತಾವು.
ಮ್ಯಾಲೆ ಬಿಸಿಲು ಜಗ್ಗತೈತಿ, ಕೆಳಗ ಮಣ್ಣು ಬಿಡವಲ್ದು.
ಜಗ್ಗಿ ಜಗ್ಗಿ ಎಳಿ ಹರೀತೈತಿ, ಹರದಲ್ಲಿ ಗಾಳಿಗುಳ್ಳಿ.
ಆ ಕೊಳವಿ ಅಲ್ಲಿಗೆ ಮುಗೀತು."

ನಾ ಕೈಯಾನ ಟ್ಯೂಬ್ ಕೆಳಗಿಟ್ಟೆ.
ಅಂದ್ರ ಇದಕ್ಕೂ ಪಂಕ್ಚರು.
ಟ್ಯೂಬಿಗೆ ಗಾಳಿ ಹೊರಗ ಹೋದರ ಗಾಯ, ಇದಕ್ಕ ಒಳಗ ಬಂದರ.

ಅದಕ್ಕs ನಡುಮಧ್ಯಾಹ್ನ ಎಲಿಗೋಳು ಬಾಯಿ ಮುಚ್ಚಿಕೊಂತಾವಂತ,
ಹಸದಿದ್ದರೂ ಸೈ. ಅದಕ್ಕs ಈ ಎಲಿ ಚೆಲ್ಲೂದು.
ಆಚೆಬದಿ ಬೇವಿಂದು ಬ್ಯಾರೆ ಲೆಕ್ಕ:
ಬೇರು ಆಳಕ್ಕ ಬಿಟ್ಟು, ಯಾರಿಗೂ ಹೇಳದ ಕುಡೀತೈತಿ.
"ಇದಕ್ಕೂ ಬೇರು ಅದಾವು. ಮಣ್ಣು ಎಲ್ಲೈತಿ?" ಅಂದಳು.

ಮಣ್ಣು.
ಎರಡು ವರ್ಷದ ಹಿಂದ ಫುಟ್‌ಪಾತ್ ಮಾಡಾಕ ಬಂದವರು
ಮರದ ಕುತ್ತಿಗಿಗೆ ಹತ್ತುವಂಗ ಕಾಂಕ್ರೀಟ್ ಸುರುವಿದ್ರು.
ಖರೆ ಹೇಳತೀನಿ, ಅವತ್ತ ನನಗ ಖುಷಿ ಆಗಿತ್ತು.
ಜ್ಯಾಕ್ ಇಡಾಕ ಸಮತಟ್ಟು ಜಾಗಾ ಸಿಕ್ಕಿತ್ತು.

ಲಾರಿಟಾಯರು ಬಿಚ್ಚೂ ಪಾರಿ ತಗೊಂಡು
ರಾತ್ರಿ ಹನ್ನೊಂದಕ್ಕ ಸುರು ಮಾಡಿದೆ.
ಬೀಟಿನ ಪೊಲೀಸ ಗಾಡಿ ನಿಲ್ಲಿಸಿ
"ಏನ್ ಹುಗಿಯಾಕ ಹತ್ತೀಯೊ?" ಅಂದ.
"ಹುಗಿದದ್ದು ತಗಿಯಾಕ ಹತ್ತೀನ್ರಿ, ಸಾಹೇಬ್ರ."
ನಂಬಲಿಲ್ಲ. ಆದ್ರ ಅವನ ಹಿಂದಿನ ಗಾಲಿಯಾಗ ಗಾಳಿ ಕಡಿಮಿ ಇತ್ತು.

ನಸುಕಿಗೆ ಮೊಳದಗಲ ಮಣ್ಣು ಕಂಡಿತು, ಬೂದಿಯಂಥದ್ದು.
ಈಗ ದಿನಾ ಸಂಜಿಕ ಟಬ್ಬಿನ ನೀರು ಅಲ್ಲಿಗೆ,
ರಬ್ಬರ್ ಪುಡಿ ಹಳೇ ಬನೇನಿನಾಗ ಸೋಸಿ.
ಏಸು ಸ್ಕೂಟರಿನ ಗಾಯ ನೋಡಿದ ನೀರು ಅದು.
ಇಷ್ಟು ದೊಡ್ಡ ಮೈಗೆ ಒಂದು ಗುಟುಕೂ ಅಲ್ಲ, ಗೊತ್ತೈತಿ.
ವಿಠಾಬಾಯಿ ಕರಗಿದ ಐಸು ತಂದು ಸುರುವುತಾಳ,
ಸತ್ತಿತು ಅಂದಾಕಿನ.

"ಕೆಲವು ಕೊಳವಿ ಮತ್ತ ತುಂಬಿಕೊಳ್ಳಬಹುದು, ಎಲ್ಲಾ ಅಲ್ಲ,"
ಅಂತ ಹೇಳಿ ಹೋಗ್ಯಾಳ ಶೆಂಡೆ.
ಎಲ್ಲಾ ಅಲ್ಲ ಅಂಬೂದು ನನಗ ಹೊಸದಲ್ಲ.
ನೂರು ಟ್ಯೂಬಿನಾಗ ಹತ್ತು ನಾನೂ ಬಿಸಾಕತೀನಿ.

ಮಳಿ ಇನ್ನೂ ಬಂದಿಲ್ಲ.
ಮಧ್ಯಾಹ್ನ ಎರಡಕ್ಕ ಹರಕು ನೆರಳಿನ ಚೂರಿನಾಗ
ಡೆಲಿವರಿ ಹುಡುಗ, ಬಸ್ಸಿಗೆ ಕಾಯೂ ಬಸುರಿ,
ಒಂದು ನಾಯಿ, ನಾನು;
ಚೂರು ಸರದಂಗ ಎಲ್ಲಾರೂ ಒಂದೊಂದು ಹೆಜ್ಜಿ ಸರೀತೀವಿ,
ಯಾರೂ ಯಾರಿಗೂ ಹೇಳೂದಿಲ್ಲ.

ಅಂಗಡಿ ಮುಚ್ಚೂಮುಂದ ತೊಗಟಿಗೆ ಕಿವಿ ಹಚ್ಚತೀನಿ.
ಆಕಿ ಡಬ್ಬಿ ಇಲ್ಲದ ಏನೂ ಕೇಳೂದಿಲ್ಲ.
ಕೇಳದಿದ್ದರ ಎಲ್ಲಾ ಚಲೋ ಐತಿ ಅನ್ನಾಕೂ ಬರೂದಿಲ್ಲ.
ಟಬ್ಬು ಬೋರಲ ಹಾಕಿ ಮನಿಗೆ ಹೋಗತೀನಿ.